ಟವೆಲ್ಲಿನ ಕೆಳಗೆ ಆದ ರಾಜಿ

ನನ್ನ ತಂಗಿಯ ಮಗ ಫೌಜದಾರನಾಗಿದ್ದಾನೆ. ಈಗ ಅದಕ್ಕೆ ಸಬ್ ಇನ್‌ಸ್ಪೆಕ್ಟರ್ ಎನ್ನುತ್ತಾರೆ, ಆದರೆ ನನ್ನ ಬಾಯಿಗೆ ಹೊಂದುವುದು ಫೌಜದಾರ ಎಂಬುದೇ. ತರಬೇತಿ ಮುಗಿಸಿ ಬಂದವನು ಮೊನ್ನೆ ನನ್ನೆದುರು ಪತ್ರಿಕೆ ಹಿಡಿದುಕೊಂಡು ಕುಳಿತಿದ್ದ. ಈಶಾನ್ಯದ ಯಾವುದೋ ಗುಡ್ಡಸೀಮೆಯಲ್ಲಿ ತಮಗೆ ಬೇರೆ ದೇಶವೇ ಬೇಕೆಂದು ವರ್ಷಾನುಗಟ್ಟಲೆ ಬಂದೂಕು ಹಿಡಿದು ಕಾಡಿನಲ್ಲಿದ್ದವರು ಸರಕಾರದೊಂದಿಗೆ ಕೈಕುಲುಕುವ ಫೋಟೋ ಬಂದಿತ್ತು.

"ಮಾಮಾ, ಇಷ್ಟ ವರ್ಷ ಬಡಿದಾಡಿದವರು ಹ್ಯಾಂಗ ರಾಜಿ ಆಗತಾರ? ನಿಮ್ಮ ಕಾಲದಾಗ ಇಂಥಾದ್ದು ಏನರೆ ನೋಡಿದ್ರೇನು?" ಎಂದು ಕೇಳಿದ.

ನೋಡಿದ್ದೇನೆ. ಅಂಗೈಯಷ್ಟು ಅಗಲದ ಜಾಗದಲ್ಲಿ, ನಮ್ಮ ರೋಣ ತಾಲೂಕಿನಲ್ಲೇ ನೋಡಿದ್ದೇನೆ. ಆ ಹುಡುಗನಿಗೆ ಬಾಯಿಮಾತಿನಲ್ಲಿ ಹೇಳಲು ಹೋಗಿ ನಡುವೆಯೇ ನಿಲ್ಲಿಸಿದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಯಾವಾಗ ಜಮಾದಾರನಾದೆ, ಎಷ್ಟು ಬಹುಮಾನ ಬಂತು ಎಂಬ ಒಣ ಪುರಾಣ ಇಲ್ಲಿಲ್ಲ. ಪೊಲೀಸನಾದವನು ಕಳ್ಳರನ್ನು ನೋಡಿ ಬೆರಗಾಗುವುದಿಲ್ಲ, ಸಂಭಾವಿತರನ್ನು ನೋಡಿ ದಂಗಾಗುತ್ತಾನೆ. ಇಷ್ಟು ವರ್ಷವಾದರೂ ನನ್ನ ಆ ದಿಗ್ಭ್ರಮೆ ಇಳಿದಿಲ್ಲ.

ಐವತ್ತರ ದಶಕದ ಮೊದಲಿಗೆ ನಾನು ರೋಣದ ಠಾಣೆಗೆ ಹೊಸ ಪೊಲೀಸ. ಆಗ ನಾವು ಮುಂಬೈ ಸರಕಾರದವರು. ಮೊಳಕಾಲು ಕಾಣುವ ಚಡ್ಡಿ, ಕಾಲಿಗೆ ಸುತ್ತಿದ ಪಟ್ಟಿ, ಕೈಯಲ್ಲಿ ಲಾಠಿ. ಇಡೀ ಠಾಣೆಗೆ ಇದ್ದ ಒಂದು ಸೈಕಲ್ಲು ಮಳೆಗಾಲದಲ್ಲಿ ನಮ್ಮನ್ನು ಹೊರುತ್ತಿರಲಿಲ್ಲ, ನಾವೇ ಅದನ್ನು ಹೊರುತ್ತಿದ್ದೆವು. ಎರೆಮಣ್ಣು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಸವಡಿ, ಜಕ್ಕಲಿಗಳಂಥ ತಣ್ಣಗಿನ ಊರುಗಳೂ ಇದ್ದವು, ಮತ್ತೊಂದು ಊರೂ ಇತ್ತು. ಅದರ ನಿಜವಾದ ಹೆಸರು ಬರೆಯಲಾರೆ. ಅಲ್ಲಿಯ ಮಂದಿಯ ಮೊಮ್ಮಕ್ಕಳು ಈಗ ಒಂದೇ ಬಸ್ಸಿನಲ್ಲಿ ನಕ್ಕೋತ ಕಾಲೇಜಿಗೆ ಬರುತ್ತಾರೆ, ಅವರ ನಗುವಿಗೆ ನಾನು ಕಲ್ಲು ಹಾಕಬಾರದು. ಹಿರೇಊರು ಎಂದೇ ಕರೆಯುತ್ತೇನೆ. ಹಿರೇಊರಿಗೂ ಹಳ್ಳಕ್ಕೂ ನಡುವೆ ಊರಿನ ರುದ್ರಭೂಮಿ, ಹಳ್ಳದ ಆಚೆ ಒಂದು ಕೊಪ್ಪ. ಹಿಂದೆ ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಕೆಲವರು ಬೇನೆ ಹೋದ ಮೇಲೂ ತಿರುಗಿ ಬರಲಿಲ್ಲ. ಅಲ್ಲೇ ಮನೆ ಕಟ್ಟಿದರು, ಮಕ್ಕಳಾದರು, ಕೊಪ್ಪ ಬೆಳೆಯಿತು. ಆದರೆ ಸರಕಾರದ ಲೆಕ್ಕಕ್ಕೂ ದೇವರ ಲೆಕ್ಕಕ್ಕೂ ಅದು ಹಿರೇಊರಿನ ಬಾಲ. ಕೊಪ್ಪಕ್ಕೆ ಗೌಡಿಕೆ ಇಲ್ಲ, ಅಗಸಿ ಇಲ್ಲ.

ಅಗಸಿ ಎಂದರೆ ಊರ ಬಾಗಿಲು. ಕಾರಹುಣ್ಣಿಮೆಯ ಸಂಜೆ ಅದಕ್ಕೆ ಅಡ್ಡಲಾಗಿ ಬೇವಿನ ತೊಪ್ಪಲು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದೇ ಕರಿ. ಎತ್ತುಗಳಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಜೋಳ, ಹತ್ತಿ ಚಲೋ, ಕೆಂದ ಎತ್ತು ಹರಿದರೆ ಗೋಧಿ, ಕಡಲೆ ಚಲೋ ಎಂದು ನಂಬಿಕೆ. ಹಿರೇಊರಿನ ಎತ್ತುಗಳು ಓಡಿ, ಕರಿ ಹರಿದು, ಧೂಳು ಇಳಿದ ಮೇಲೆ ಕೊಪ್ಪದ ಎತ್ತುಗಳನ್ನು ಬಿಡುವುದು ಅಲ್ಲಿಯ ಪದ್ಧತಿ. ಹರಿದ ಹಗ್ಗದ ಕೆಳಗೆ ಸುಮ್ಮನೆ ಹಾಯ್ದು ಬರುವುದಷ್ಟೇ ಅವುಗಳ ಪಾಲು.

ಆ ವರ್ಷ ನಾನು ಬಂದೋಬಸ್ತಿಗೆ ನಿಂತಿದ್ದೆ. ಕೊಪ್ಪದ ಭರಮಪ್ಪನ ಕೆಂದ ಎತ್ತು ಹಲಗೆ ಬಡಿಯುವ ಸದ್ದಿಗೆ ಬೆದರಿ, ಕೈಬಿಡಿಸಿಕೊಂಡು, ಎಲ್ಲರಿಗಿಂತ ಮೊದಲು ನುಗ್ಗಿ ಕರಿ ಹರಿದುಬಿಟ್ಟಿತು. ಕೊಪ್ಪದವರು ಕೇಕೆ ಹಾಕಿದರು. ಹಿರೇಊರಿನವರು ಬಡಿಗೆ ಎತ್ತಿದರು. ಊರಿನ ಶಂಕರಗೌಡರು ಕಟ್ಟೆಯ ಮೇಲಿಂದ, "ಅದು ಕರಿ ಹರದಂಗಲ್ಲ. ಇನ್ನೊಂದು ಕಟ್ರಿ," ಎಂದರು. ಭರಮಪ್ಪ ಎದೆ ಸೆಟೆಸಿ ನಿಂತು, "ಎತ್ತು ಹರದೈತಿ, ಊರ ಕಂಡೈತಿ. ಇನ್ನ ನಾವು ನಿಮ್ಮ ಬಾಲ ಅಲ್ಲರಿ ಮಾವಾರ," ಎಂದ.

ಮಾವಾರ ಎಂದದ್ದು ವಾಡಿಕೆಗಲ್ಲ. ಶಂಕರಗೌಡರು ಅವನ ಖಾಸಾ ಮಾವ. ಅವರ ಒಬ್ಬಳೇ ಮಗಳು ನೀಲವ್ವ ಭರಮಪ್ಪನ ಹೆಂಡತಿ. ಅಂದು ಅವಳು ವರ್ಷ ತುಂಬದ ಮಗನನ್ನು ಸೊಂಟದಲ್ಲಿ ಇಟ್ಟುಕೊಂಡು ಹೆಂಗಸರ ನಡುವೆ ನಿಂತಿದ್ದಳು. ಅಪ್ಪನನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು, ಸೆರಗು ಬಾಯಿಗೆ ಹಿಡಿದಳು.

ಅಲ್ಲಿಗೇ ಮುಗಿಯುತ್ತಿತ್ತೇನೋ. ನಮ್ಮ ಆಗಿನ ಫೌಜದಾರರು ಮುಗಿಯಗೊಡಲಿಲ್ಲ. ಸಾತಾರದ ಕಡೆಯವರು, ಮೀಸೆಗೆ ದಿನಾ ಎಣ್ಣೆ ಹಚ್ಚುವವರು. ಬಡಿದಾಟದ ವರದಿ ಕೇಳಿದ್ದೇ, "ಪುರಾವಾ ಎಲ್ಲೈತಿ ಪುರಾವಾ?" ಎಂದು ಗುಡುಗಿದರು. ತಲೆ ಒಡೆದವರನ್ನು ಕರೆತಂದೆವು. "ಇದಲ್ಲೋ. ಜಗಳ ಯಾರಿಂದ ಶುರು ಆತು?" ಎಂದರು. "ಎತ್ತಿನಿಂದರಿ," ಎಂದೆ. "ಹಂಗಾರ ಅದನ್ನ ಜಪ್ತಿ ಮಾಡ್ರಿ!"

ತಮಾಷೆಗೆ ಹೇಳುತ್ತಿಲ್ಲ. ಎತ್ತನ್ನು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿವಸ್ತು ಎಂದು ರೋಣದ ಠಾಣೆಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದೆವು. ಸರಕಾರಿ ಖರ್ಚಿನಲ್ಲಿ ಮೇವು. ಮರುದಿನ ಕೊಪ್ಪದ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಬಂದರು. ಅದರ ಮರುದಿನ ಸುತ್ತಲಿನ ಹಳ್ಳಿಯವರು ಬಂದರು. ವಾರ ಕಳೆಯುವುದರೊಳಗೆ ಠಾಣೆಯ ಮುಂದೆ ತೆಂಗಿನಕಾಯಿ ಚಿಪ್ಪುಗಳ ರಾಶಿ. ಲಾಕಪ್ಪಿನಲ್ಲಿದ್ದ ಕಳ್ಳನೊಬ್ಬ, "ಸಾಹೇಬ್ರ, ನನಗೂ ಒಂದೀಟು ಪ್ರಸಾದ ಕೊಡ್ರಿ," ಎಂದು ಕೈ ಚಾಚಿದ. ಫೌಜದಾರರಿಗೆ ಎತ್ತು ಬಿಡದೆ ಗತಿ ಇರಲಿಲ್ಲ. ಅದು ಮೆರವಣಿಗೆಯಲ್ಲಿ, ಭಜನೆಯೊಡನೆ ಕೊಪ್ಪಕ್ಕೆ ಹೋಯಿತು. ಹೋಗುವಾಗ ಅದು ಬರೀ ಎತ್ತಾಗಿರಲಿಲ್ಲ, ಕೊಪ್ಪದ ಬಾವುಟವಾಗಿತ್ತು. ತಂಗಿಯ ಮಗನೇ, ಇದನ್ನು ನೆನಪಿಡು: ದಂಗೆಯನ್ನು ಹುಟ್ಟಿಸುವುದು ದಂಗೆಕೋರರು ಮಾತ್ರವಲ್ಲ.

ಮರುವರ್ಷದ ಕಾರಹುಣ್ಣಿಮೆಗೆ ಕೊಪ್ಪದವರು ಎರಡು ಕಲ್ಲುಕಂಬ ನಿಲ್ಲಿಸಿ ತಮ್ಮದೇ ಅಗಸಿ ಮಾಡಿಕೊಂಡರು, ತಮ್ಮದೇ ಕರಿ ಕಟ್ಟಿದರು. "ನಮ್ಮದು ಬ್ಯಾರೆ ಊರು," ಎಂದು ಡಂಗುರ ಸಾರಿದರು. ಹಿರೇಊರಿನವರು ಹೋಗಿ ಕಂಬ ಕೆಡವಿದರು. ಕೊಪ್ಪದವರು ಮತ್ತೆ ನಿಲ್ಲಿಸಿದರು. ಆಮೇಲೆ ಆರಂಭವಾದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ದಿನ ಹಿರೇಊರಿನ ಬಣವೆಗಳು ಸುಟ್ಟುಹೋದವು. ಅದಕ್ಕೆ ಸೇಡೆಂದು ಕೊಪ್ಪದ ಬಿರಿದ ಹತ್ತಿಗೆ ದನ ಬಿಟ್ಟರು. ಮುಂದೆ ಯಾರೋ ಹಿರೇಊರಿನ ಬಿಳಿ ಎತ್ತುಗಳ ಬಾಲ ಕತ್ತರಿಸಿದರು. ನೊಣ ಓಡಿಸಿಕೊಳ್ಳಲಾರದೆ ಆ ಎತ್ತುಗಳು ಗಾಯವನ್ನು ಗೋಡೆಗೆ ತಿಕ್ಕುತ್ತ ಒದ್ದಾಡುವುದನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂತು. ಎತ್ತಿಗೆ ಪೂಜೆ ಮಾಡುವ ಕೈಯೇ ಅಲ್ಲವೇ ಇದನ್ನು ಮಾಡಿದ್ದು? ಪಂಚನಾಮೆ ಬರೆಯುವಾಗ ಬರವಣಿಗೆ ಸೊಟ್ಟಾಯಿತೆಂದು ಜಮಾದಾರರಿಂದ ಬೈಗುಳ ತಿಂದೆ.

ಕೊಪ್ಪದವರು ರೋಣಕ್ಕೆ ಬರಬೇಕಾದರೆ ಹಳ್ಳ ದಾಟಿ, ಹಿರೇಊರಿನ ಅಗಸಿಯ ಒಳಗಿಂದಲೇ ಹಾಯಬೇಕು. ಶಂಕರಗೌಡರು ಅಗಸಿಗೆ ಜಾಲಿಮುಳ್ಳು ಅಡ್ಡ ಹಚ್ಚಿಸಿದರು. ಬ್ಯಾರೆ ಊರಿನವರಿಗೆ ನಮ್ಮ ಊರಿನ ದಾರಿ ಯಾಕೆ ಎಂಬುದು ಅವರ ವಾದ. ನಾವು ಹೋಗಿ ಮುಳ್ಳು ತೆಗೆಸುತ್ತಿದ್ದೆವು, ನಮ್ಮ ಬೆನ್ನು ತಿರುಗಿದ ಕೂಡಲೇ ಅದು ಮತ್ತೆ ಬಂದು ಕೂರುತ್ತಿತ್ತು.

ಹಿಂಗಾರಿ ಮಳೆ ಹಿಡಿದಿದ್ದ ಒಂದು ಮುಂಜಾನೆ ನಾನು ರೋಣದಿಂದ ಹಿರೇಊರಿನ ಕಡೆ ಹೊರಟಿದ್ದೆ. ದೂರದ ಹೊಲದಲ್ಲಿ ಒಂದು ಬಂಡಿ ಗಾಲಿಯ ನಡುವಿನ ಗುಂಭದವರೆಗೂ ಎರೆಯಲ್ಲಿ ಹೂತು ನಿಂತಿತ್ತು. ಭರಮಪ್ಪ ಗಾಲಿಗೆ ಹೆಗಲು ಕೊಟ್ಟು ನೂಕುತ್ತಿದ್ದ. ನೀಲವ್ವ ಬಂಡಿಯಲ್ಲಿ ಕುಳಿತಿದ್ದಳು. ಮಡಿಲಲ್ಲಿ ಮಗ. ಆಗ ಅವನಿಗೆ ನಡೆದಾಡುವ, ಮಾತು ಕಲಿತ ವಯಸ್ಸು. ಜ್ವರದಿಂದ ಮೈ ಸುಡುತ್ತಿತ್ತು, ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ನಾನು ಸೈಕಲ್ಲನ್ನು ಜಾಲಿಮರಕ್ಕೆ ಒರಗಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ರೋಣದ ದವಾಖಾನೆಯ ಕಡೆ ಬಿರಬಿರನೆ ನಡೆದೆ. ಭರಮಪ್ಪ ಎತ್ತು ಬಿಚ್ಚಿಕೊಂಡು ಬರುತ್ತೇನೆಂದು ಹಿಂದೆ ಉಳಿದ. ನೀಲವ್ವ ನನ್ನ ಜೊತೆಗೇ ಬಂದಳು. ಕೆಸರಿಗೆ ಅವಳ ಕಾಲು ಮೊಳಕಾಲಿನವರೆಗೆ ಕರ್ರಗಾಗಿದ್ದವು.

"ಅಗಸಿ ಬಿಟ್ಟು ಹಿಂಗ ಯಾಕ ಬಂದ್ರೆವ್ವಾ? ಈ ರಾಡಿಯೊಳಗ ಬಂಡಿ ಹೋಗತೈತೇನು?" ಎಂದೆ.

"ಅಗಸಿಗೇ ಹೋಗಿದ್ವಿರಿ ಅಣ್ಣಾರ. ಮುಳ್ಳು ತಗೀರಿ ಅಂದ್ವಿ. ಗೌಡ್ರು ಹೇಳೂ ಮಟಾ ತಗಿಯಂಗಿಲ್ಲ ಅಂದ್ರು."

"ಗೌಡ್ರು ಇರಲಿಲ್ಲೇನು?"

"ಕಟ್ಟಿ ಮ್ಯಾಲ ಕುಂತಿದ್ರಿ ಅಪ್ಪ. ನನ್ನ ಕಂಡ್ರು. ಎದ್ದು ಒಳಗ ಹೋದ್ರು."

ನನ್ನ ಹೆಜ್ಜೆ ತಪ್ಪಿತು. ಅವಳೇ ಮುಂದೆ ಅಂದಳು: "ಇವರರೆ ಒಂದ ಮಾತ ಕೈ ಮುಗದಿದ್ರ ಆಗತಿತ್ತು. ಆ ಅಗಸಿಗೆ ನಾ ಕೈ ಮುಗಿಯಂಗಿಲ್ಲ ಅಂತ ಬಂಡಿ ಹೊಳ್ಳಿಸಿದ್ರು."

ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದೆ. ರೋಣದ ಮನೆಗಳ ಮಾಳಿಗೆಗಳು ಕಾಣತೊಡಗಿದ್ದವು. ನೀಲವ್ವ ಹಿಂದಿನಿಂದ ಕೈ ಚಾಚಿ ಕೂಸಿನ ಅಂಗಾಲು ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು.

"ಅಣ್ಣಾರ, ಇಳಸ್ರಿ. ಕೂಸು ತಣ್ಣಗಾಗೇತಿ."

ನಾನು ನಂಬಲಿಲ್ಲ. ದವಾಖಾನೆಗೆ ಓಡಿದೆ. ಡಾಕ್ಟರು ನಾಡಿ ಹಿಡಿದು ತಲೆ ಅಲ್ಲಾಡಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆ. ಇಲ್ಲಿ ಮಾವ ಅಳಿಯಂದಿರ ಜಗಳದಲ್ಲಿ ಕೂಸು ಬಡವಾಗಲಿಲ್ಲ, ಇಲ್ಲವೇ ಆಯಿತು.

ಇದಕ್ಕಿಂತ ದೊಡ್ಡ ಆಘಾತ ಅಂದೇ ಮಧ್ಯಾಹ್ನ ಕಾದಿತ್ತು. ಮಗುವಿನ ಹೆಣದೊಂದಿಗೆ ನಾವು ಹಿರೇಊರಿನ ಅಗಸಿಗೆ ಬಂದಾಗ ಮುಳ್ಳು ಇರಲಿಲ್ಲ. ನೆಲ ಗುಡಿಸಿ ನೀರು ಚಿಮುಕಿಸಿದ್ದರು. ಹೆಣಕ್ಕೆ ದಾರಿ ಕಟ್ಟಬಾರದು, ಅದು ಊರಿನ ಪದ್ಧತಿ. ಜೀವ ಇದ್ದಾಗ ಸಿಗದ ದಾರಿ ಜೀವ ಹೋದ ಮೇಲೆ ಹಸನಾಗಿ ಸಿಕ್ಕಿತು! ಆ ಗುಡಿಸಿದ ನೆಲವನ್ನು ನೋಡಿ ನನಗೆ ಬಂದ ಸಿಟ್ಟು ನನ್ನ ಇಡೀ ನೌಕರಿಯಲ್ಲಿ ಮತ್ತೆ ಬರಲಿಲ್ಲ. ರುದ್ರಭೂಮಿಯಲ್ಲಿ ಕೊಪ್ಪದವರು ಒಂದು ಕಡೆ, ಹಿರೇಊರಿನವರು ಒಂದು ಕಡೆ, ನಡುವೆ ಲಾಠಿ ಹಿಡಿದ ನಾವು. ಒಂದು ಬೇವಿನ ಗಿಡದ ಬುಡದಲ್ಲಿ ಕೂಸಿಗೆ ಮಣ್ಣು ಕೊಟ್ಟರು. ಶಂಕರಗೌಡರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಅವರ ಭುಜ ಅಲುಗುತ್ತಿದ್ದದ್ದು ನನಗೆ ಕಂಡಿತು. ಆದರೆ ಅವರು ತಿರುಗಲಿಲ್ಲ.

ಮಗ ಸತ್ತರೆ ಜಗಳವೂ ಸಾಯುತ್ತದೆಂದು ತಿಳಿದಿದ್ದೆ. ನಾನೆಂಥ ಮೂಢ! ಅಲ್ಲಿಂದಲೇ ಅದು ನಿಜವಾದ ದಂಗೆಯಾಯಿತು. ಭರಮಪ್ಪ ಕೆಲವು ಹುಡುಗರನ್ನೂ ಒಂದು ಒಂಟಿನಳಿಗೆ ಬಂದೂಕನ್ನೂ ಕಟ್ಟಿಕೊಂಡು ಗಜೇಂದ್ರಗಡದ ಗುಡ್ಡ ಸೇರಿದ. ಒಂದು ಸಲ ಬಂದು ಹಿರೇಊರಿನ ಚಾವಡಿಗೆ ಬೆಂಕಿ ಇಟ್ಟರು. ಒಳಗಿದ್ದ ಬಡ ವಾಲೀಕಾರನ ಕಾಲು ಸುಟ್ಟು, ಆತ ಬದುಕಿನುದ್ದಕ್ಕೂ ಕುಂಟಿದ. ಅವನು ಆ ಪಕ್ಷದವನೂ ಅಲ್ಲ, ಈ ಪಕ್ಷದವನೂ ಅಲ್ಲ, ಚಾವಡಿಯ ಕಸ ಹೊಡೆಯುವವನು.

ಗುಡ್ಡದ ಆಚೆ ಹೈದರಾಬಾದ ರಾಜ್ಯ. ನಾವು ಬೆನ್ನತ್ತಿದರೆ ಭರಮಪ್ಪನ ಮಂದಿ ಗಡಿ ದಾಟಿ ಅತ್ತ ಕುಳಿತು ಬೀಡಿ ಸೇದುತ್ತಿದ್ದರು. ನಾವು ಇತ್ತ ನಿಂತು ನೋಡುತ್ತಿದ್ದೆವು. ಅತ್ತಲಿನ ಪೊಲೀಸರ ಅಪ್ಪಣೆ ಬರುವುದರೊಳಗೆ ಅವರು ಇತ್ತ ಬಂದಿರುತ್ತಿದ್ದರು. ಒಮ್ಮೆ ಅವರಲ್ಲೊಬ್ಬ, "ಏ ಪೊಲೀಸಪ್ಪಾ, ಬಿಸಲಾಗ ಯಾಕ ನಿಂತೀರಿ? ನೆಳ್ಳಿಗೆ ಕುಂದ್ರಿ!" ಎಂದು ಕೂಗಿ ನಮ್ಮ ಮಾನ ಕಳೆದ. ಈ ಕಳ್ಳ ಪೊಲೀಸ್ ಆಟ ವರ್ಷಗಟ್ಟಲೆ ನಡೆಯಿತು.

ಇದರ ನಡುವೆ ನಾಡಿನ ತುಂಬ ಏಕೀಕರಣದ ಮಾತು. ಮುಂಬೈ, ಹೈದರಾಬಾದ, ಮೈಸೂರು ಎಂದು ಹರಿದು ಹಂಚಿದ ಕನ್ನಡಿಗರೆಲ್ಲ ಒಂದಾಗಬೇಕೆಂದು ನರಗುಂದ, ರೋಣ, ಗಜೇಂದ್ರಗಡಗಳಲ್ಲಿ ಸಭೆಗಳು. ನಮಗೆ ಅಲ್ಲೂ ಬಂದೋಬಸ್ತು. ಒಂದು ಸಭೆಯಲ್ಲಿ ಶಂಕರಗೌಡರು ವೇದಿಕೆಯ ಮೇಲೆ ಕುಳಿತು, "ಕನ್ನಡಿಗರ ನಡುವೆ ಗಡಿ ಯಾಕ?" ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅವರ ಊರಿನ ಅಗಸಿಯ ಜಾಲಿಮುಳ್ಳು ನನ್ನ ಕಣ್ಣ ಮುಂದೆ ಬಂದು, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಡೆಲ್ಲ ಒಂದಾಗುವಾಗ ಹಳ್ಳದ ಆಚೀಚಿನ ಒಂದು ಊರು ಎರಡಾಗಲು ರಕ್ತ ಸುರಿಸುತ್ತಿತ್ತು.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಗುಡ್ಡದ ಆಚೆಯೂ ನಮ್ಮದೇ ಸರಕಾರ, ನಮ್ಮದೇ ಪೊಲೀಸು. ಭರಮಪ್ಪನಿಗೆ ಓಡಿಹೋಗಲು ಗಡಿಯೇ ಉಳಿಯಲಿಲ್ಲ. ಅದೇ ಹೊತ್ತಿಗೆ ಎಣ್ಣೆ ಮೀಸೆಯವರ ಜಾಗಕ್ಕೆ ಹೊಸ ಫೌಜದಾರರು ಬಂದರು. ಕುಳ್ಳಗಿನ ಆಳು, ದನದ ವ್ಯಾಪಾರಿಗಳ ಮನೆತನದವರು. ಮೊದಲಿನವರು ಎತ್ತನ್ನೇ ಕಟ್ಟಿಹಾಕಿದರೆ ಇವರು ಮನುಷ್ಯರನ್ನೂ ಕಟ್ಟುತ್ತಿರಲಿಲ್ಲ. ಬಂದವರೇ ನನ್ನನ್ನು ಕರೆದುಕೊಂಡು ಎರಡೂ ಕಡೆ ಹೋಗಿ, ಜಗಲಿಯ ಮೇಲೆ ಕುಳಿತು, ಬರೀ ಕೇಳಿದರು. ಲಾಠಿ ಸೈಕಲ್ಲಿನ ಮೇಲೇ ಇತ್ತು. ಭರಮಪ್ಪನ ತಾಯಿಯ ಕೈಯಲ್ಲಿ ಹೇಳಿಕಳಿಸಿ, ಅವನೇ ಬಂದು ಶರಣಾಗುವಂತೆ ಮಾಡಿದರು. ಬೆಂಕಿ ಹಚ್ಚಿದ ಕೇಸು ಕೋರ್ಟಿಗೆ ಹೋಯಿತು. ಜಾಮೀನಿನ ಮೇಲೆ ಅವನು ಹೊರಗೆ ಬಂದ.

ಎರಡೂ ಕಡೆಯವರಿಗೆ ಸಾಕಾಗಿತ್ತು. ಆದರೆ ಮೊದಲು ಮಾತು ಆಡುವವರು ಯಾರು? ಮಾತು ಬಾಯಿಂದ ಬಿದ್ದರೆ ಮರ್ಯಾದೆಯೂ ಬಿದ್ದಂತೆ. "ನಾ ಸೋತೆ ಅಂತ ಹಳ್ಳಿ ಆಡಕೋತೈತಿ," ಎಂದು ಇಬ್ಬರದೂ ಒಂದೇ ಹಾಡು. ಕುಳ್ಳ ಫೌಜದಾರರು ಒಂದು ದಿನ ನಕ್ಕು, "ಇವರಿಗೆ ಮಾತ ಬ್ಯಾಡಪ್ಪ, ಟವೆಲ್ ಬೇಕು," ಎಂದರು.

ದನದ ಸಂತೆ ಕಂಡವರಿಗೆ ಗೊತ್ತು. ದಲಾಲಿ ಒಂದು ಟವೆಲ್ಲಿನ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಒತ್ತುತ್ತಾನೆ, ಆಮೇಲೆ ಕೊಳ್ಳುವವನ ಕೈ ಹಿಡಿಯುತ್ತಾನೆ. ದರ ಏರುತ್ತದೆ, ಇಳಿಯುತ್ತದೆ, ಸುತ್ತ ನಿಂತವರಿಗೆ ಒಂದಕ್ಷರ ಕೇಳುವುದಿಲ್ಲ. ಯಾರು ಬಗ್ಗಿದರು ಎಂಬುದು ಟವೆಲ್ಲಿಗಷ್ಟೇ ಗೊತ್ತು. ನರಗುಂದದ ಸಂತೆಯಲ್ಲಿ ಹುಸೇನಸಾಬ ಎಂಬ ಮುದುಕ ದಲಾಲಿಯಿದ್ದ. ಎರಡೂ ಕಡೆಯವರ ಎತ್ತುಗಳನ್ನು ಮಾರಿಕೊಟ್ಟವನು, ಎರಡೂ ಕಡೆ ನಂಬಿಕೆ ಉಳಿಸಿಕೊಂಡವನು.

ಸಂತೆಯ ದಿನ ನಡು ಹಗಲಿನಲ್ಲಿ, ದನಗಳ ನಡುವೆ, ಒಂದು ಬಂಡಿಯ ನೆರಳಲ್ಲಿ ಹುಸೇನಸಾಬ ಕುಳಿತ. ಅವನ ಒಂದು ಕಡೆ ಶಂಕರಗೌಡರು, ಇನ್ನೊಂದು ಕಡೆ ಭರಮಪ್ಪ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ. ಫೌಜದಾರರು ಒಂದೊಂದು ಬೆರಳಿಗೆ ಒಂದೊಂದು ಶರತ್ತು ಗೊತ್ತು ಮಾಡಿಕೊಟ್ಟಿದ್ದರು. ಹೆಬ್ಬೆರಳು ಅಗಸಿ ಮತ್ತು ಕರಿಗೆ, ತೋರುಬೆರಳು ದಾರಿಗೆ, ನಡುಬೆರಳು ಎರಡೂ ಕಡೆಯವರು ನೀರು ಸೇದುವ ಹಳ್ಳದ ದಂಡೆಯ ಬಾವಿಗೆ. ಉಳಿದೆರಡು ಬೆರಳುಗಳಲ್ಲಿ ಒಂದು ಗೌಡಿಕೆಗೆ, ಇನ್ನೊಂದು ಪರಸ್ಪರ ಹಾಕಿಕೊಂಡ ಕೇಸುಗಳಿಗೆ. ಒತ್ತಿದರೆ ಒಪ್ಪಿಗೆ, ಸಡಿಲ ಬಿಟ್ಟರೆ ಇಲ್ಲ.

ಹುಸೇನಸಾಬನ ಕೈ ಟವೆಲ್ಲಿನ ಕೆಳಗೆ ಅತ್ತ ಹೋಯಿತು, ಇತ್ತ ಬಂತು. ಗೌಡರ ಹಣೆಯಲ್ಲಿ ಬೆವರು. ಭರಮಪ್ಪ ಕೆಳದುಟಿ ಕಚ್ಚಿದ್ದ. ದನಗಳು ಬಾಲ ಬೀಸುತ್ತಿದ್ದವು. ಬಹಳ ಹೊತ್ತಾದ ಮೇಲೆ ಮುದುಕ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆತ್ರಿ, ಯಾಪಾರ ಮುಗೀತು," ಎಂದ. ಅಷ್ಟು ವರ್ಷಗಳ ಬೆಂಕಿ ಅಲ್ಲಿಗೆ ಆರಿತು! ನನಗೆ ಕಣ್ಣಾರೆ ಕಂಡರೂ ನಂಬಿಕೆ ಬರಲಿಲ್ಲ. ಯಾರು ಮೊದಲು ಒತ್ತಿದರು ಎಂದು ಕೇಳಿದರೆ ಹುಸೇನಸಾಬ, "ನನ್ನ ಕೈಗೆ ಮರವು ಭಾಳರಿ," ಎಂದು ನಕ್ಕ. ಅವನು ಸಾಯುವವರೆಗೂ ಹೇಳಲಿಲ್ಲ.

ರಾಜಿಯನ್ನು ಊರ ಮುಂದೆ ಓದಿ ಹೇಳಲು ತಹಸೀಲದಾರರ ಮೇಲಿನ ಅಧಿಕಾರಿ ಪ್ರಾಂತ ಸಾಹೇಬರು ಜೀಪಿನಲ್ಲಿ ಬಂದರು. ಹಳ್ಳದ ದಂಡೆಯ ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿತ್ತು. ಆ ದಂಡೆಯಲ್ಲಿ ಕೊಪ್ಪದವರು, ಈ ದಂಡೆಯಲ್ಲಿ ಹಿರೇಊರಿನವರು. ಸಾಹೇಬರು ಒಂದೊಂದಾಗಿ ಓದಿದರು. ಕೊಪ್ಪಕ್ಕೆ ತನ್ನದೇ ಅಗಸಿ, ತನ್ನದೇ ಕರಿ. ದಾರಿಗೆ ಯಾರೂ ಮುಳ್ಳು ಹಚ್ಚುವಂತಿಲ್ಲ. ಬಾವಿ ಇಬ್ಬರಿಗೂ. ಕೊಪ್ಪಕ್ಕೆ ತನ್ನದೇ ಗೌಡಿಕೆ, ಪರಸ್ಪರ ಹಾಕಿಕೊಂಡ ಕೇಸುಗಳು ವಾಪಸು. ಇಂದಿನಿಂದ ಹಳ್ಳವೇ ಎರಡು ಊರುಗಳ ಎಲ್ಲೆ. ಆಚೆಯದೆಲ್ಲ ಅವರದು, ಈಚೆಯದೆಲ್ಲ ಇವರದು. ಹಲಗೆ ಬಾರಿಸಿದರು. ಬೆಲ್ಲ ಹಂಚಿದರು. ಮುದುಕರು ಕಣ್ಣೊರೆಸಿಕೊಂಡರು. ಕುಳ್ಳ ಫೌಜದಾರರು ನನ್ನ ಬೆನ್ನು ತಟ್ಟಿ, "ಮುಗೀತಪ್ಪಾ!" ಎಂದರು.

ಆಗ ಕೊಪ್ಪದ ಹೆಂಗಸರ ನಡುವಿನಿಂದ ನೀಲವ್ವ ಎದ್ದಳು. ಹಳ್ಳದಲ್ಲಿ ಇಳಿದು ಈ ದಂಡೆಗೆ ಹತ್ತಿ ಬಂದಳು. ಸೊಂಟದಲ್ಲಿ ಒಂದು ಬುಟ್ಟಿ, ಕೈಯಲ್ಲಿ ಗುದ್ದಲಿ. ಹೊಲಕ್ಕೆ ಹೊರಟವಳೇನೋ ಎಂದುಕೊಂಡೆ. ಅವಳು ನೇರ ಜಮಖಾನೆಯ ಮುಂದೆ ಬಂದು ನಿಂತಳು.

"ಸಾಹೇಬ್ರ, ನನಗೊಂದು ಹುಕುಂ ಕೊಡ್ರಿ."

"ಏನವ್ವಾ?" ಎಂದರು ಪ್ರಾಂತ ಸಾಹೇಬರು.

"ನಮ್ಮೂರು ಬ್ಯಾರೆ ಆತಲ್ಲರಿ. ಹಳ್ಳದ ಈಚಿಕಿಂದು ಇವರದಾತು. ನನ್ನ ಮಗ ಈಚಿ ಕಡೆ ಅದಾನ. ಆ ಬೇವಿನ ಬುಡಕ. ಅಂವನ್ನ ನಮ್ಮೂರಿಗೆ ಒಯ್ಯತೀನಿ."

ಹಲಗೆ ನಿಂತಿತು. ಬೆಲ್ಲ ಜಗಿಯುತ್ತಿದ್ದ ಬಾಯಿಗಳು ನಿಂತವು. ಎತ್ತು, ಅಗಸಿ, ಬಾವಿ, ಗೌಡಿಕೆ ಎಲ್ಲ ನೆನಪಿತ್ತು. ಕೊಪ್ಪದವರ ಅಜ್ಜ, ಮುತ್ತಜ್ಜಂದಿರೆಲ್ಲ ಆ ರುದ್ರಭೂಮಿಯಲ್ಲೇ ಇದ್ದಾರೆ ಎಂಬುದು ಅಲ್ಲಿದ್ದ ಒಬ್ಬ ಗಂಡಸಿಗೂ ನೆನಪಾಗಿರಲಿಲ್ಲ. ಕೈಗೆ ಬೆರಳು ಐದೇ. ಆರನೆಯ ಮಾತು ಟವೆಲ್ಲಿನ ಕೆಳಗೆ ಹೋಗಿರಲೇ ಇಲ್ಲ. ಪ್ರಾಂತ ಸಾಹೇಬರು ಫೌಜದಾರರ ಮುಖ ನೋಡಿದರು. ಫೌಜದಾರರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ?

ಅವಳು ಉತ್ತರಕ್ಕೆ ಕಾಯಲಿಲ್ಲ. ರುದ್ರಭೂಮಿಯ ಕಡೆ ನಡೆದಳು. ಜನವೆಲ್ಲ ಹಿಂದೆ ಹೋದೆವು. ಬೇವಿನ ಗಿಡ ಬೆಳೆದು ನೆರಳಾಗಿತ್ತು. ನೀಲವ್ವ ಬುಟ್ಟಿ ಇಟ್ಟಳು, ಸೆರಗು ಕಟ್ಟಿದಳು, ಗುದ್ದಲಿ ಎತ್ತಿದಳು. ಭರಮಪ್ಪ ಓಡಿಬಂದು ಗುದ್ದಲಿಯ ಕಾವು ಹಿಡಿದ. ಮತ್ತೊಂದು ಕೈಯೂ ಬಂದು ಅದೇ ಕಾವು ಹಿಡಿಯಿತು. ಶಂಕರಗೌಡರದು. ರುಮಾಲು ಉದುರಿ ನೆಲಕ್ಕೆ ಬಿದ್ದಿತ್ತು, ಅವರಿಗೆ ಅದರ ಖಬರಿರಲಿಲ್ಲ. ಬೆನ್ನು ತಿರುಗಿಸಿ ಕುಳಿತು ರಾಜಿಯಾದ ಮಾವ ಅಳಿಯಂದಿರು ಅಂದು ಅಷ್ಟು ವರ್ಷಗಳಲ್ಲಿ ಮೊದಲ ಸಲ ಎದುರುಬದುರಾಗಿ ನಿಂತರು. ನಡುವೆ ಆ ಗುದ್ದಲಿ.

"ಬ್ಯಾಡ ನನ್ನವ್ವಾ. ಬ್ಯಾಡ. ಮಲಗಿದ ಕೂಸನ್ನ ಎಬ್ಬಿಸಬ್ಯಾಡ," ಎಂದು ಗೌಡರು ಗೊಳೋ ಎಂದು ಅತ್ತರು.

"ಹಂಗಾರ ಹೇಳ್ರಿ. ಇದು ಯಾರ ಊರು? ನಿಮ್ಮದೋ, ಇವರದೋ?"

"ಯಾರದೂ ಅಲ್ಲವ್ವಾ. ಇದು ಯಾರ ಊರೂ ಅಲ್ಲ. ಇಲ್ಲಿಗೆ ಯಾರ ಬಂದ್ರೂ ದಾರಿ ಬಿಡಬೇಕು."

ಭರಮಪ್ಪ ಮಾವನಿಗೆ ಕೈ ಮುಗಿದ. "ಹೌದ್ರಿ ಮಾವಾರ. ನಿಮ್ಮ ಮಾತ ಖರೇ ಐತಿ," ಎಂದ. ಪ್ರಾಂತ ಸಾಹೇಬರು ಅಲ್ಲೇ ನಿಂತು, ರುದ್ರಭೂಮಿ ಎರಡೂ ಊರಿಗೆ ಸೇರಿದ್ದು ಎಂದು ಸಾರಿದರು. ಜನ ಉಸಿರು ಬಿಟ್ಟರು. ಯಾರೋ ಹರ ಹರ ಎಂದರು.

ನೀಲವ್ವ ಗುದ್ದಲಿ ಕೈಬಿಟ್ಟಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುಗಿದ ಕೈಯ ಗಂಡನನ್ನು ನೋಡಿದಳು, ಅಳುತ್ತಿದ್ದ ಅಪ್ಪನನ್ನು ನೋಡಿದಳು.

"ಆವತ್ತ ಅಗಸಿ ಮುಂದ ನೀವು ಈ ಮಾತ ಅಂದಿದ್ರ, ಇವರು ಹಿಂಗ ಕೈ ಮುಗದಿದ್ರ, ಇವತ್ತ ಅಂವ ನನ್ನ ಕೈ ಹಿಡಕೊಂಡು ಬೆಲ್ಲ ತಿಂತಿದ್ದ," ಎಂದಳು.

ಅಷ್ಟು ಹೇಳಿ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹಳ್ಳದ ಕಡೆ ನಡೆದಳು. ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು.